ಅರ್ಜಿಯ ಮೊದಲ ಸಾಲು

ರೋಣ, ನರಗುಂದ, ಗಜೇಂದ್ರಗಡದ ಹುಡುಗರು ಹುಬ್ಬಳ್ಳಿಗೋ ಬೆಂಗಳೂರಿಗೋ ಕಳಿಸುವ ರೆಸ್ಯೂಮೆಗಳಿಗೆ ಹೆಚ್ಚುಕಡಿಮೆ ಒಂದೇ ಮುಖ. ಹೆಸರು, ತಂದೆಯ ಹೆಸರು, ಜನ್ಮದಿನಾಂಕ, ಧರ್ಮ, ಜಾತಿ. ಆಮೇಲೆ ಎಸ್ಸೆಸ್ಸೆಲ್ಸಿಯಿಂದ ಶುರುವಾಗುವ ಮಾರ್ಕ್ಸಿನ ಕೋಷ್ಟಕ. ಕೊನೆಗೆ ಮೇಲಿನದೆಲ್ಲ ಸತ್ಯವೆಂಬ ಪ್ರಮಾಣ, ಸ್ಥಳ, ದಿನಾಂಕ, ಸಹಿ. ರೋಣದಲ್ಲಿ ಮೊದಲು ಟೈಪಿಂಗ್ ಕ್ಲಾಸು, ಈಗ ಕಂಪ್ಯೂಟರ್ ಅಂಗಡಿ ನಡೆಸುವ ನನಗೆ ಇದು ಬಾಯಿಪಾಠ. ಕೆಲಸ ಕೊಡುವವನು ಮೊದಲ ನೋಟಕ್ಕೆ ಹುಡುಕುವುದು ‘ಇವನಿಗೆ ಏನು ಬರುತ್ತದೆ’ ಎಂಬುದನ್ನು. ನಮ್ಮ ಕಾಗದ ಹೇಳುವುದು ‘ಇವನು ಯಾರ ಮಗ’ ಎಂಬುದನ್ನು. ಹುಡುಗರ ದಡ್ಡತನವಲ್ಲ ಇದು. ಈ ಕಾಗದಕ್ಕೊಂದು ಚರಿತ್ರೆಯಿದೆ.

1858ರಲ್ಲಿ ನರಗುಂದದ ಅರಸ ಬಾಬಾಸಾಹೇಬರ ಬಂಡಾಯ ಮುರಿದುಬಿದ್ದು ಅವರ ಸಂಸ್ಥಾನ ಬ್ರಿಟಿಷರ ವಶವಾಯಿತು. ವಾಡೆಯ ಎದುರು ನಿಂತು ಕೆಲಸ ಕೇಳುವ ಕಾಲ ಹೋಗಿ, ಧಾರವಾಡದ ಕಚೇರಿಗೆ ಕಾಗದ ಬರೆಯುವ ಕಾಲ ಬಂತು. ಮುಂಬಯಿ ಇಲಾಖೆಯ ಈ ಭಾಗದಲ್ಲಿ ಆಗ ಶಾಲೆಗೂ ಕಚೇರಿಗೂ ಮರಾಠಿಯದೇ ದರ್ಬಾರು. ಮೋಡಿ ಲಿಪಿ ಬಲ್ಲವನೇ ಜಾಣ. 1860ರ ದಶಕದಲ್ಲಿ ಡೆಪ್ಯುಟಿ ಚೆನ್ನಬಸಪ್ಪನವರು ಹಟ ಹಿಡಿದು ಕನ್ನಡ ಶಾಲೆಗಳನ್ನು ಬೆಳೆಸದೇ ಹೋಗಿದ್ದರೆ ನಮ್ಮ ಕಡೆಯ ಒಕ್ಕಲಿಗನ ಮಗ ತನ್ನ ಅರ್ಜಿಯನ್ನು ತಾನೇ ಬರೆಯುವುದು ಇನ್ನೂ ಎಷ್ಟು ತಡವಾಗುತ್ತಿತ್ತೋ. ಅವರ ಹೆಸರನ್ನು ನಾನು ಕೈಮುಗಿದೇ ಹೇಳುತ್ತೇನೆ.

ಆಮೇಲಿನದು ಮುಲ್ಕಿಯ ಕಾಲ. ಕನ್ನಡ ಏಳನೇ ಇಯತ್ತೆಯ ಕೊನೆಗೆ ಬರುತ್ತಿದ್ದ ಆ ಪರೀಕ್ಷೆ ಪಾಸಾದವನಿಗೆ ಕನ್ನಡ ಸಾಲಿಯ ಮಾಸ್ತರಿಕೆ, ತಲಾಠಿ ಕೆಲಸದ ದಾರಿ ತೆರೆಯುತ್ತಿತ್ತು. ಮುಲ್ಕಿ ಪಾಸಾದ ಹಿರಿಯರು ಅರ್ಜಿ ಬರೆಯುವ ಪದ್ಧತಿಯನ್ನು ನನಗೆ ತೋರಿಸಿಕೊಟ್ಟಿದ್ದಾರೆ. ಕಾಗದವನ್ನು ಉದ್ದಕ್ಕೆ ಮಡಚಿ, ಎಡಗಡೆ ಕಾಲು ಭಾಗ ಖಾಲಿ ಬಿಡಬೇಕು. ಅದು ಸಾಹೇಬರು ಶೇರಾ ಬರೆಯುವ ಜಾಗ. ಅರ್ಜಿದಾರನ ಒಂದು ಅಕ್ಷರವೂ ಆ ಗೆರೆ ದಾಟಬಾರದು. ಟಾಕನ್ನು ಮಸಿಯಲ್ಲಿ ಅದ್ದಿ, ಕುಡಿಕೆಯ ಅಂಚಿಗೆ ಒಮ್ಮೆ ಒರೆಸಿ, ಆಮೇಲೆ ಬರೆಯಬೇಕು. ಇಲ್ಲದಿದ್ದರೆ ಮೊದಲ ಅಕ್ಷರದಲ್ಲೇ ಮಸಿ ಹರಡುತ್ತದೆ. ಅಕ್ಷರ ಮುತ್ತು ಪೋಣಿಸಿದಂತಿದ್ದರೆ ಅರ್ಧ ಕೆಲಸ ಆದಂತೆ. ಆಗ ಅದು ಸರಿಯಾಗಿಯೇ ಇತ್ತು: ಕೇಳುತ್ತಿದ್ದ ಕೆಲಸವೇ ಬರೆಯುವುದು, ಬರೆಯಲು ಕಲಿಸುವುದು. ಅರ್ಜಿಯ ಮೇಲಿನ ಅಕ್ಷರವೇ ಕೆಲಸದ ಮಾದರಿ.

1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು. ಖಾಲಿ ಹುದ್ದೆಗಳನ್ನು ಉದ್ಯೋಗ ವಿನಿಮಯ ಕೇಂದ್ರಕ್ಕೆ ತಿಳಿಸುವುದನ್ನು ಕಡ್ಡಾಯ ಮಾಡಿದ ಕಾನೂನು 1959ರದು. 25 ಅಥವಾ ಹೆಚ್ಚು ಜನರಿರುವ ಖಾಸಗಿ ಸಂಸ್ಥೆಗೂ ಅದು ಅನ್ವಯಿಸಿತು. ಅಲ್ಲಿಂದ ಕಾರ್ಡಿನ ಕಾಲ: ಹೆಸರು ನೋಂದಾಯಿಸುವುದು, ಮರೆಯದೆ ನವೀಕರಿಸುವುದು, ಅಂಚೆಯವನ ದಾರಿ ಕಾಯುವುದು. ನಮ್ಮ ಟೈಪಿಂಗ್ ಕ್ಲಾಸುಗಳು ತುಂಬಿದ್ದೂ ಆಗಲೇ. ಬೆಳಿಗ್ಗೆಯ ಬ್ಯಾಚಿನಲ್ಲಿ ರೆಮಿಂಗ್ಟನ್, ಗೋದ್ರೆಜ್ ಯಂತ್ರಗಳ ಸದ್ದಿಗೆ ಪಕ್ಕದವರ ಮಾತು ಕೇಳಿಸುತ್ತಿರಲಿಲ್ಲ. ಅರ್ಜಿಯಿಂದ ಕೈಬರಹ ಮಾಯವಾಯಿತು. ಸರಕಾರಿ ಫಾರ್ಮಿನ ಕಾಲಮ್ಮುಗಳು ಮಾತ್ರ ಉಳಿದವು. ಮೀಸಲಾತಿಯ ಹುದ್ದೆಗೆ ಜಾತಿಯ ಕಾಲಮ್ಮು ಬೇಕು, ವಯಸ್ಸಿನ ಮಿತಿಗೆ ಜನ್ಮದಿನಾಂಕ ಬೇಕು, ಸುಳ್ಳು ಹೇಳಿದರೆ ಹಿಡಿಯಲು ಪ್ರಮಾಣ ಬೇಕು. ಖಾಸಗಿ ಕಂಪನಿಗೆ ಬರೆಯುವಾಗಲೂ ಅವೇ ಕಾಲಮ್ಮುಗಳು ಹೋದವು, ಯಾಕೆಂದರೆ ನಾವು ಕಂಡ ಅರ್ಜಿ ಅದೊಂದೇ.

ಆದರೆ ಇದಕ್ಕಿಂತ ಬಹಳ ಹಳೆಯ ಪದ್ಧತಿಯೊಂದು ನಮ್ಮ ಪಕ್ಕದಲ್ಲೇ ಕಲ್ಲಿನಲ್ಲಿದೆ. ರೋಣದಿಂದ ಬಾದಾಮಿ ಕಡೆ ಹೋದರೆ ಪಟ್ಟದಕಲ್ಲು. ಲೋಕಮಹಾದೇವಿ ಎಂಟನೆಯ ಶತಮಾನದಲ್ಲಿ ಕಟ್ಟಿಸಿದ ವಿರೂಪಾಕ್ಷ ಗುಡಿಯ ಶಾಸನಗಳಲ್ಲಿ ಶಿಲ್ಪಿಗಳ ಹೆಸರುಗಳಿವೆ. ಗುಂಡ ಅನಿವಾರಿತಾಚಾರಿಗೆ ಬಿರುದು ಸಿಕ್ಕ ಸಂಗತಿಯಿದೆ. ಸರ್ವಸಿದ್ಧಿ ಆಚಾರಿಯ ಶಾಸನ ನೋಡಿದರೆ ನನ್ನಂಥವನಿಗೆ ರೋಮಾಂಚನ: ಕಟ್ಟಡ, ವಾಹನ, ಆಸನ, ಮಂಚ, ಕಿರೀಟ ಎಂದು ಆತ ಬಲ್ಲ ಕೆಲಸಗಳನ್ನು ಎಣಿಸುತ್ತ ಹೋಗುತ್ತದೆ. ಹೆಸರಿನ ಬೆನ್ನಿಗೇ ಕಸುಬು. ಕಾಗದ ಬಂದ ಮೇಲೆ ನಾವು ಇದನ್ನು ಕಳೆದುಕೊಂಡೆವು.

ಕಳೆದುಕೊಂಡದ್ದು ಎಷ್ಟೆಂದು ನನಗೆ ಹೊಳೆದದ್ದು ಗಜೇಂದ್ರಗಡದ ಒಬ್ಬ ಹುಡುಗನಿಂದ. ಪಟ್ಟೇದ ಅಂಚು ಸೀರೆ ನೇಯುವ ಊರು ಅದು. ಇವನೂ ನೇಕಾರರ ಮನೆಯವನು. ಹುಬ್ಬಳ್ಳಿಯ ಬಟ್ಟೆ ಕಂಪನಿಯೊಂದರಲ್ಲಿ ಗುಣಮಟ್ಟ ಪರೀಕ್ಷಿಸುವ ಕೆಲಸಕ್ಕೆ ರೆಸ್ಯೂಮೆ ಮಾಡಿಸಲು ಬಂದಿದ್ದ. ಅನುಭವದ ಮುಂದೆ ‘ಇಲ್ಲ’ ಎಂದು ಬರೆದುಕೊಂಡು ಬಂದಿದ್ದ.

“ಮನ್ಯಾಗ ಮಗ್ಗ ಐತೇನ್ ತಮ್ಮಾ?”

“ಐತ್ರಿ ಸರ್. ಸಣ್ಣಾಂವಿದ್ದಾಗ ಕಂಡಿಕಿ ಸುತ್ತತಿದ್ದೆ. ಈಗ ನಾನೂ ನೇಯತೀನ್ರಿ.”

“ಎಳಿ ಹರದಿದ್ದು ಹ್ಯಾಂಗ ಗೊತ್ತಾಗ್ತೈತಿ?”

“ನೋಡೂದ ಬ್ಯಾಡ್ರಿ, ಕೈಯಾಡಿಸಿದ್ರ ಗೊತ್ತಾಗ್ತೈತ್ರಿ.”

“ಇದನ್ನ ಯಾಕ ಬರೀಲಿಲ್ಲ?”

“ಅದು ಮನಿ ಕೆಲಸ ಅಲ್ರೀ ಸರ್. ಅದಕ್ಕ ಸರ್ಟಿಫಿಕೇಟ್ ಎಲ್ಲೈತ್ರಿ?”

ಮುಲ್ಕಿಯಿಂದ ಕಾರ್ಡಿನವರೆಗೆ ಸರ್ಟಿಫಿಕೇಟು ಕೊಟ್ಟದ್ದನ್ನಷ್ಟೇ ವಿದ್ಯೆ ಎಂದು ನಂಬಿಸಿದ ಕಾಗದ ಅವನ ಬಾಯಲ್ಲಿ ಮಾತಾಡುತ್ತಿತ್ತು. ಹೆಸರು, ಫೋನ್ ನಂಬರಿನ ಕೆಳಗೇ ಅವನ ನೇಯ್ಗೆಯನ್ನು ಟೈಪು ಮಾಡಿದೆ: ಕೈಮಗ್ಗದ ಸೀರೆ ನೇಯುತ್ತಾನೆ, ಎಳೆ ಹರಿದದ್ದು, ಬಣ್ಣ ತಪ್ಪಿದ್ದು, ಅಂಚು ಸೊಟ್ಟಗಾದದ್ದು ಗುರುತಿಸುತ್ತಾನೆ. ಆಮೇಲೆ ಓದು. ಜಾತಿ, ಧರ್ಮದ ಸಾಲು ತೆಗೆದೆ. ಆ ಕೆಲಸಕ್ಕೆ ಅವು ಬೇಕಿರಲಿಲ್ಲ. ಕೊನೆಯ ಪ್ರಮಾಣವನ್ನೂ ಅಳಿಸಹೋದಾಗ ಅವನು ತಡೆದ. “ಸಹಿ ಇಲ್ಲದ ಕಾಗದ ಯಾರ್ ನಂಬತಾರ್ರಿ?” ಎಂದ. ಅಷ್ಟು ವರ್ಷದ ರೂಢಿಯನ್ನು ಒಂದೇ ಮಧ್ಯಾಹ್ನ ಕಿತ್ತುಹಾಕುವುದು ನನಗೂ ಬೇಡವೆನಿಸಿತು. ಸಹಿಯ ಗೆರೆ ಇರಲೆಂದು ಬಿಟ್ಟು, ಪ್ರಿಂಟ್ ಕೊಟ್ಟೆ.