ಒಂದೇ ಮಾತು, ಓದಲಾಗದ ಕಾಗದ

ಧಾರವಾಡದವರು ‘ಯಾಕ’ ಅಂತಾರೆ, ಮೈಸೂರಿನವರು ‘ಯಾಕೆ’, ಕುಂದಾಪುರದವರು ‘ಎಂತಕೆ’. ಮೂವರೂ ಪೇಪರ್ ಓದುವುದು ಮಾತ್ರ ಒಂದೇ ಲಿಪಿಯಲ್ಲಿ. ಇದರಲ್ಲೇನು ವಿಶೇಷ ಅನ್ನಿಸಿದರೆ ಕುರ್ದಿಶ್ ಭಾಷೆಯ ಕಥೆ ಕೇಳಿ.

ಟರ್ಕಿ, ಇರಾಕ್, ಇರಾನ್, ಸಿರಿಯಾ ಸೇರುವ ಗುಡ್ಡಗಾಡು ಕುರ್ದರ ಸೀಮೆ. ಅವರ ಮಾತಿನಲ್ಲಿ ದೊಡ್ಡ ಬಗೆಗಳು ಎರಡು: ಉತ್ತರದ ಕುರ್ಮಾಂಜಿ, ನಡುಭಾಗದ ಸೊರಾನಿ. ‘ನಾನು’ ಎಂಬುದಕ್ಕೆ ಕುರ್ಮಾಂಜಿಯಲ್ಲಿ ‘ಎಜ್’, ಸೊರಾನಿಯಲ್ಲಿ ‘ಮಿನ್’. ಹಿಂದಿಯಲ್ಲಿದ್ದಂತೆ ಕುರ್ಮಾಂಜಿಯಲ್ಲಿ ವಸ್ತುಗಳಿಗೂ ಗಂಡು, ಹೆಣ್ಣು ಎಂಬ ಲಿಂಗವಿದೆ. ಸೊರಾನಿಯಲ್ಲಿ ಅದು ಬಹುಮಟ್ಟಿಗೆ ಅಳಿದಿದೆ. ನಮ್ಮ ಧಾರವಾಡ, ಮೈಸೂರಿನ ನಡುವಿನ ಅಂತರಕ್ಕಿಂತ ಇದು ದೊಡ್ಡದು, ಒಪ್ಪೋಣ. ಆದರೆ ಓದುಗರನ್ನು ಬೇರೆ ಮಾಡಿದ್ದರಲ್ಲಿ ಗಡಿಯ ಪಾಲೇ ಹೆಚ್ಚು ಅಂತ ನಮ್ಮ ಅಭಿಪ್ರಾಯ.

ಮೊದಲ ಕುರ್ದಿಶ್ ಪತ್ರಿಕೆ ‘ಕುರ್ದಿಸ್ತಾನ್’ 1898ರಲ್ಲಿ ಹೊರಬಂದಿದ್ದೇ ದೂರದ ಕೈರೋದಲ್ಲಿ, ಅರೇಬಿಕ್ ಲಿಪಿಯಲ್ಲಿ. ಮೊದಲ ಮಹಾಯುದ್ಧದ ನಂತರ ಅವರ ನೆಲ ಬೇರೆಬೇರೆ ದೇಶಗಳಿಗೆ ಹಂಚಿಹೋಯಿತು. ಜಲಾದತ್ ಬದಿರ್‌ಖಾನ್ 1932ರಲ್ಲಿ ಡಮಾಸ್ಕಸ್‌ನಿಂದ ‘ಹಾವಾರ್’ ಪತ್ರಿಕೆ ತಂದು ಲ್ಯಾಟಿನ್ ಅಕ್ಷರ ರೂಢಿಗೆ ತಂದರು. ಇರಾಕ್, ಇರಾನ್‌ಗಳಲ್ಲಿ ಅರೇಬಿಕ್ ಮೂಲದ ಲಿಪಿಯೇ ಉಳಿಯಿತು. ಸೋವಿಯತ್ ಕುರ್ದರಿಗೆ ರಷ್ಯನ್ ಅಕ್ಷರ ಬಂತು.

ಹಾಗಾಗಿ ಟರ್ಕಿಯ ಜಿಜ್ರೆ ಮತ್ತು ಇರಾಕಿನ ದುಹೋಕ್ ಗಡಿಯ ಆಚೀಚೆ ಇದ್ದು, ಎರಡೂ ಕಡೆ ಕುರ್ಮಾಂಜಿಯನ್ನೇ ಆಡಿದರೂ, ಒಂದು ಊರಿನ ಪತ್ರಿಕೆ ಇನ್ನೊಂದು ಊರಿನವರಿಗೆ, ಆ ಲಿಪಿ ಬೇರೆಯಾಗಿ ಕಲಿಯದಿದ್ದರೆ, ಬರೀ ಗೀಟು. ಬಾಯಲ್ಲಿ ಹೇಳಿದರೆ ಮಾತ್ರ ತಿಳಿಯುತ್ತದೆ.

ನಮ್ಮವರೂ 1956ರ ನವೆಂಬರ್ 1ರವರೆಗೆ ಮೈಸೂರು, ಮುಂಬೈ, ಹೈದರಾಬಾದ್, ಮದ್ರಾಸ್, ಕೊಡಗು ಅಂತ ಹಂಚಿಹೋಗಿದ್ದವರೇ. ನಿಜಾಮರ ಸೀಮೆಯಲ್ಲಿ ಕಚೇರಿಗೆ ಹೋದರೆ ಉರ್ದು. ಆದರೂ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟನ್ನು ಧಾರವಾಡದವರೂ ಮೈಸೂರಿನವರೂ ತೆರೆದು ಓದಬಹುದಿತ್ತು. ಯಾವ ಸರ್ಕಾರವೂ ನಮ್ಮ ‘ಳ’ ಬರೆಯಬೇಡಿ ಅನ್ನಲಿಲ್ಲ.

ಟರ್ಕಿಯಲ್ಲಿ ಆದದ್ದು ಅದೇ. 1983ರ ಕಾನೂನು ಕುರ್ದಿಶ್ ಭಾಷೆಯ ಪ್ರಕಟಣೆಯನ್ನೇ ತಡೆಯಿತು. 1991ರಲ್ಲಿ ಅದು ರದ್ದಾಯಿತು. ಕುರ್ದಿಶ್‌ಗೆ ಬೇಕಾದ ಕ್ಯೂ, ಡಬ್ಲ್ಯೂ, ಎಕ್ಸ್ ಅಕ್ಷರಗಳು ಟರ್ಕಿಶ್ ಅಕ್ಷರಮಾಲೆಯಲ್ಲಿ ಇಲ್ಲ ಎಂಬ ತಕರಾರು ಆಮೇಲೂ ಉಳಿಯಿತು. ವಸಂತದ ಹಬ್ಬ ನೆವ್ರೋಜ್‌ನ ಹೆಸರನ್ನು ಡಬ್ಲ್ಯೂ ಹಾಕಿ ಬರೆದವರ ಮೇಲೆ ಕೇಸುಗಳಾದವು. ಆ ಮೂರು ಅಕ್ಷರಗಳ ನಿರ್ಬಂಧ ಸಡಿಲಿಸುತ್ತೇವೆ ಅಂತ ಸರ್ಕಾರ ಘೋಷಿಸಿದ್ದು 2013ರಲ್ಲಿ.