ರೊಕ್ಕ ಕಡಿಮೆ, ದ್ವೀಪ ಬೇಕು: ಅಂಜದೀವ್ ಹೇಳೋ ಲೆಕ್ಕ

ಪರೀಕ್ಷೆ ಮುಗಿದ ಕೂಡಲೇ ನಿಮ್ಮದು ಒಂದೇ ಪ್ರಶ್ನೆ: ಮಾಲ್ಡೀವ್ಸ್ ಕೈಗೆ ಎಟುಕಂಗಿಲ್ಲ, ಕಡಿಮೆ ರೊಕ್ಕದಾಗ ಯಾವ ದ್ವೀಪಕ್ಕ ಹೋಗೋಣ? ನನ್ನ ಉತ್ತರ ಕಾರವಾರ. ಆದರ ಬ್ಯಾಗ್ ತುಂಬೋ ಮೊದಲು 360 ವರ್ಷದ ಹಿಂದಿನ ಒಂದು ಕಥಿ ಕೇಳ್ರಿ.

ಕಾರವಾರದಿಂದ ತುಸು ದಕ್ಷಿಣಕ್ಕೆ ಅಂಜದೀವ್ ಅಂತ ದ್ವೀಪ. ಸುಮಾರು ಒಂದೂವರೆ ಚದರ ಕಿಲೋಮೀಟರ್, ಅಷ್ಟೇ. ಇರೋದು ನಮ್ಮ ದಂಡಿ ಮಗ್ಗಲಿಗೆ, ದಾಖಲೆಯಲ್ಲಿ ಮಾತ್ರ ಗೋವಾಕ್ಕೆ ಸೇರಿದ್ದು. 1498ರಲ್ಲಿ ವಾಸ್ಕೋ ಡ ಗಾಮ ಊರಿಗೆ ಮರಳುವಾಗ ಹಡಗು ದುರಸ್ತಿಗೆ ಇಲ್ಲೇ ನಿಂತಿದ್ದ.

1661ರಲ್ಲಿ ಪೋರ್ಚುಗಲ್ ರಾಜಕುಮಾರಿ ಕ್ಯಾಥರೀನ್ ಮದುವಿ ಒಪ್ಪಂದ ಆತು. ಇಂಗ್ಲೆಂಡಿನ ಎರಡನೇ ಚಾರ್ಲ್ಸ್‌ಗೆ ಮುಂಬೈ ದ್ವೀಪ ಬಳುವಳಿ. ಅದನ್ನು ವಶಕ್ಕೆ ಪಡೆಯಲು ಮರುವರ್ಷ ಅಬ್ರಹಾಂ ಶಿಪ್‌ಮನ್ ಸುಮಾರು 400 ಸೈನಿಕರ ಜೊತೆ ಬಂದ. ಗೋವಾದ ಪೋರ್ಚುಗೀಸ್ ವೈಸರಾಯ್ ಬಿಟ್ಟುಕೊಡಲೇ ಇಲ್ಲ. ಎಲ್ಲಿ ಇಳೀಬೇಕು? ಕೊನೆಗೆ ಅಂಜದೀವ್‌ನಲ್ಲಿ ಇಳಿದರು.

ತೆಂಗು, ಮರಳು, ನೀಲಿ ನೀರು. ರೀಲ್ಸ್ ಮಾಡಿದ್ದರೆ ಲಕ್ಷ ವ್ಯೂಸ್ ಬರ್ತಿತ್ತು! ಆದರೆ ಬಿಸಿಲು, ಮಳಿ, ಜ್ವರ, ಆಮಶಂಕೆ ಬಂದವು; ಮುಂದ ಹೋಗೋ ಆದೇಶ ಮಾತ್ರ ಬರಲಿಲ್ಲ. ಒಬ್ಬೊಬ್ಬರೇ ಸತ್ತರು. 1664ರ ಏಪ್ರಿಲ್‌ನಲ್ಲಿ ಶಿಪ್‌ಮನ್ ಕೂಡ ಹೋದ. 1665ರಲ್ಲಿ ಮುಂಬೈ ಕೈಗೆ ಸಿಕ್ಕಾಗ ಅಲ್ಲಿಗೆ ಹೋಗಲು ಉಳಿದವರು ನೂರರ ಆಸುಪಾಸು. ಮೂರೇ ವರ್ಷಕ್ಕೆ ರಾಜ ಅದೇ ಮುಂಬೈಯನ್ನು ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟ. ಇಷ್ಟು ಅಗ್ಗದ ದ್ವೀಪ ನಾನಂತೂ ಇನ್ನೊಂದು ಕೇಳಿಲ್ಲ, ಆದರ ಆ ಲೆಕ್ಕದಾಗ ಸತ್ತ ಮುನ್ನೂರು ಮಂದಿ ಇಲ್ಲ.

ಅಂಜದೀವ್ ಮತ್ತೆ ಸುದ್ದಿಯಾದದ್ದು 1961ರಲ್ಲಿ. ನವೆಂಬರ್‌ನಲ್ಲಿ ಅಲ್ಲಿನ ಪೋರ್ಚುಗೀಸರು 'ಸಾಬರ್ಮತಿ' ಪ್ರಯಾಣಿಕರ ಹಡಗಿಗೆ ಗುಂಡು ಹಾರಿಸಿದರು. ಡಿಸೆಂಬರ್ 18ಕ್ಕೆ ನಮ್ಮ ನೌಕಾಪಡೆ ಇಳಿಯಿತು. ಏಳು ಮಂದಿ ನಾವಿಕರು ಪ್ರಾಣ ಕೊಟ್ಟರು. ಈಗ ಅದು ಐಎನ್‌ಎಸ್ ಕದಂಬ ನೌಕಾನೆಲೆಯ ಭಾಗ. ಅದಕ್ಕೆ ಟೂರಿಗೆ ಅಲ್ಲಿ ಪ್ರವೇಶ ಇಲ್ಲ.

ಹಂಗಾರ ಎಲ್ಲಿ ಹೋಗೋದು? ಕಾರವಾರದ ಎದುರಿಗೇ ಕೂರ್ಮಗಡ ಐತಿ, ನರಸಿಂಹ ದೇವರ ದ್ವೀಪ. ರೊಕ್ಕದ ಮಾತಿಗೆ ಬರೋಣ. ಗೋಕಾಕದಿಂದ ಬೆಳಗಾವಿ, ಅಲ್ಲಿಂದ ಕಾರವಾರ. ಕೆಂಪು ಬಸ್ಸೇ ಸಾಕು. ರಾಜ್ಯದೊಳಗಿನ ಸಾಮಾನ್ಯ, ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಟಿಕೆಟ್ ಇಲ್ಲ. ಗೋವಾ ಮೇಲೆ ಸುತ್ತಿ ಹೋದ್ರ ಆ ಅನುಕೂಲ ತಪ್ತದ, ನೆನಪಿರಲಿ. ರೂಮು ದ್ವೀಪದಾಗ ಬ್ಯಾಡ, ಪ್ಯಾಟ್ಯಾಗ ಮಾಡ್ರಿ, ಶನಿವಾರ-ರವಿವಾರ ಬಿಟ್ಟು. ದಾರಿಗೆ ಕರದಂಟು ನಮ್ಮೂರಾಗ ಐತಲ್ಲ.

ಮಳಿಗಾಲದಾಗ, ಅಂದ್ರ ಜೂನ್‌ನಿಂದ ಸೆಪ್ಟೆಂಬರ್, ರೇಟ್ ಇಳೀತಾವ. ಅದಕ್ಕ ಮರುಳಾಗಬ್ಯಾಡ್ರಿ, ಆಗ ಸಮುದ್ರ ದೋಣಿಗೆ ಬಿಡಂಗಿಲ್ಲ. ಘಟಪ್ರಭಾದಾಗ ಈಜಿದವ್ರಿಗೆ ಸಮುದ್ರದ ಸೆಳೆತ ಗೊತ್ತಿರಂಗಿಲ್ಲ. ಒಳ್ಳೆ ಹವಾದಾಗೂ ಹುಷಾರ್: 2019ರ ಜನವರಿಯಲ್ಲಿ ಕೂರ್ಮಗಡ ಜಾತ್ರೆ ಮುಗಿಸಿ ಬರುವಾಗ ದೋಣಿ ಮಗುಚಿ ಹತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಒಳನಾಡಿನಿಂದ, ನಮ್ಮಂಗ ಸಮುದ್ರ ನೋಡೋಕ ಬಂದವ್ರೂ ಅದರಾಗ ಇದ್ರು.

ಹಿಂಗಾಗಿ ನವೆಂಬರ್‌ನಿಂದ ಫೆಬ್ರವರಿ ಒಳಗ ಒಂದು ತಾರೀಖು ಹಿಡೀರಿ. ದೋಣಿ ಹತ್ತೋ ಮೊದಲು ಎರಡು ಮಾತು ಕೇಳ್ರಿ: ಎಲ್ಲರಿಗೂ ಲೈಫ್ ಜಾಕೆಟ್ ಐತೇನು? ವಾಪಸ್ ಬರೋ ದೋಣಿ ಎಷ್ಟಕ್ಕ?