ಮಾಗಡಿ ಹಿಡಿಸಿತು, ಚನ್ನಪಟ್ಟಣ ಹಿಡಿಸಲಿಲ್ಲ

ರಾಮನಗರ ಜಿಲ್ಲೆ ಆಗಿದ್ದು 2007ರಲ್ಲಿ. ಆಗಷ್ಟೇ ಸಿ ಭಾಷೆ ಕಲಿಯುತ್ತಿದ್ದ ನಾನು ಅದರ ನಾಲ್ಕು ತಾಲ್ಲೂಕುಗಳ ಪಟ್ಟಿಯನ್ನು ಯೂನಿಕೋಡ್ ಕನ್ನಡದಲ್ಲೇ ಮಾಡಬೇಕೆಂದು ಹೊರಟೆ. ಊರಿಗೊಂದು ಸ್ಟ್ರಕ್ಟ್. ಹೆಸರಿಗೆ 16 ಬೈಟಿನ ಅರೇ, ಅದರ ಪಕ್ಕದಲ್ಲಿ ಪಿನ್‌ಕೋಡ್.

ಮಾಗಡಿ ಅಚ್ಚುಕಟ್ಟಾಗಿ ಕೂತಿತು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟು: ಮ, ಇಳಿ, ಗ, ಡ, ಗುಡಿಸು ಸೇರಿ 15, ಕೊನೆಯ ಸೊನ್ನೆಗೆ 1. ರಾಮನಗರಕ್ಕೂ ಕನಕಪುರಕ್ಕೂ 18 ಬೇಕು. ಎರಡು ಒತ್ತಕ್ಷರ ಹೊತ್ತ ಚನ್ನಪಟ್ಟಣಕ್ಕೆ 27! ಹೆಚ್ಚಾದದ್ದು ಪಕ್ಕಕ್ಕೆ ಚೆಲ್ಲಿ, ಮೊದಲೇ ತುಂಬಿದ್ದ ಪಿನ್‌ಕೋಡ್ ಕುಲಗೆಟ್ಟಿತು. ಎಲ್ಲಕ್ಕೂ 100 ಬೈಟು ಕೊಟ್ಟುಬಿಡು ಅಂದ ಗೆಳೆಯ. ಮಾಗಡಿಗೆ 84 ಬೈಟು ದಂಡ ಕಟ್ಟಲು ನನಗೆ ಮನಸ್ಸಾಗಲಿಲ್ಲ.

ಹುಡುಕಿದಾಗ ಗೊತ್ತಾಯಿತು, ಇದು ಹಳೇ ತಲೆನೋವು. ಸ್ಟ್ರಕ್ಟಿನ ಕೊನೆಯಲ್ಲಿ ಹೆಸರು[1] ಎಂದು ಬರೆದು, ಮ್ಯಾಲಕ್ ಹತ್ತಿರ ಬೇಕಾದಷ್ಟು ಹೆಚ್ಚಿಗೆ ಜಾಗ ಕೇಳಿ, 1ರ ಗಡಿ ದಾಟಿ ಬರೆಯುವುದು ಹಳಬರ ಕೈಚಳಕ. ಒಂದೇ ಮ್ಯಾಲಕ್, ಒಂದೇ ಫ್ರೀ. 1989ರ ಆನ್ಸಿ ಮಾನಕ ಇದಕ್ಕೆ ಒಪ್ಪಿಗೆ ಕೊಡಲಿಲ್ಲ. ಸಿ ಭಾಷೆಯ ಜನಕ ಡೆನಿಸ್ ರಿಚಿಗೂ ಇದು ಅಷ್ಟಾಗಿ ಹಿಡಿಸಿರಲಿಲ್ಲ. ಜಿಸಿಸಿಯವರು [0] ಬರೆಯಲು ಬಿಟ್ಟರು (ಸೊನ್ನೆ ಅಗಲದ ಅರೇ!). ಕೊನೆಗೆ 1999ರ ಮಾನಕ ಖಾಲಿ [] ಕೊಟ್ಟಿತು. ಷರತ್ತು ಎರಡು: ಅದು ಸ್ಟ್ರಕ್ಟಿನ ಕೊನೆಯಲ್ಲೇ ಇರಬೇಕು, ಅದಕ್ಕೆ ಮುಂಚೆ ಬೇರೆ ಸದಸ್ಯ ಇರಬೇಕು. ನಾನು ಪಿನ್‌ಕೋಡನ್ನೂ ಉದ್ದವನ್ನೂ ಮುಂದೆ ತಂದು ಹೆಸರನ್ನು ಹಿಂದಕ್ಕೆ ತಳ್ಳಿದೆ. ಸೈಜಾಫ್ ಹೆಸರನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಸಮ ಚಿಹ್ನೆ ಹಾಕಿ ಒಂದು ಸ್ಟ್ರಕ್ಟನ್ನು ಇನ್ನೊಂದಕ್ಕೆ ನಕಲಿಸಿದರೆ ಹೆಸರು ಪೂರ್ತಿ ಬರುತ್ತದೆಂದು ನಂಬುವಂತಿಲ್ಲ. ಇದನ್ನೂ ಪೆಟ್ಟು ತಿಂದೇ ಕಲಿತೆ.

ಹಳೇ [1] ಮಾತ್ರ ಸುಲಭಕ್ಕೆ ಸಾಯಲಿಲ್ಲ. ಅದು ನಿಜವಾಗಿ ಒಂದೋ, ಬೆಳೆಯುವ ಅರೆಯೋ ಎಂದು ಕಂಪೈಲರಿಗೆ ತಿಳಿಯದ್ದರಿಂದ ಗಡಿ ಕಾಯುವುದೂ ಕಷ್ಟ. ಲಿನಕ್ಸ್ ಕರ್ನೆಲಿನಲ್ಲಿ ಅಂಥವನ್ನು ಹುಡುಕಿ ಹುಡುಕಿ [] ಮಾಡುವ ಕೆಲಸ 2020ರ ನಂತರವೂ ನಡೆಯಿತು. ಉದ್ದ ಯಾವ ಸದಸ್ಯದಲ್ಲಿದೆ ಎಂದು ಕಂಪೈಲರಿಗೆ ಹೇಳಿಕೊಡುವ 'ಕೌಂಟೆಡ್ ಬೈ' ಜಿಸಿಸಿಗೆ ಬಂದಿದ್ದು 2025ರಲ್ಲಿ, 15ನೇ ಆವೃತ್ತಿಯಲ್ಲಿ.

ಅದೇ ವರ್ಷ ಸರ್ಕಾರ ಜಿಲ್ಲೆಯ ಹೆಸರನ್ನು ಬೆಂಗಳೂರು ದಕ್ಷಿಣ ಎಂದು ಬದಲಿಸಿತು. 18 ಇದ್ದದ್ದು ನಡುವಿನ ಖಾಲಿ ಜಾಗವೂ ಸೇರಿ 43 ಬೈಟು. ಹಳೇ ಪ್ರೋಗ್ರಾಮ್ ತೆಗೆದು ರಿಯಲಾಕ್ ಮಾಡಿದೆ. ಸ್ಟ್ರಕ್ಟ್ ಬೇರೆ ವಿಳಾಸಕ್ಕೆ ಮನೆ ಬದಲಿಸಿತು. ನಾಲ್ಕೂ ತಾಲ್ಲೂಕುಗಳ ಪಾಯಿಂಟರುಗಳು ಇನ್ನೂ ಹಳೇ ಬಾಗಿಲನ್ನೇ ತಟ್ಟುತ್ತಿದ್ದವು.